ಟಿಕೆಟ್ಟಿನಲ್ಲಿ ಕಾಣುವ 4.50 ಡಾಲರ್: ವಿಮಾನ ನಿಲ್ದಾಣಗಳು ವಾಷಿಂಗ್ಟನ್ನಿನಲ್ಲಿ ಕೇಳುತ್ತಿರುವುದೇನು?

ಓದುಗರ ಪ್ರಶ್ನೆ: "ನಾನು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇನೆ. 2025ರ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ, ಒಟ್ಟು ನಾಲ್ವರು, ರಾಲಿ-ಡರ್ಹಮ್‌ನಿಂದ ಡಾಲಸ್ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿ ಬಂದೆವು. ರಸೀದಿ ನೋಡಿದರೆ ‘ಎಕ್ಸ್‌ಎಫ್’ ಅಂತ ಒಬ್ಬೊಬ್ಬರಿಗೆ 18 ಡಾಲರ್. ನಾಲ್ವರಿಗೆ 72! ಅದು ವಿಮಾನ ನಿಲ್ದಾಣಗಳ ಶುಲ್ಕ ಅಂತ ಆಮೇಲೆ ತಿಳಿಯಿತು. ನಿಲ್ದಾಣಗಳ ಸಂಘಗಳು ಈ ಶುಲ್ಕದ ಮಿತಿಯನ್ನೇ ತೆಗೆದುಹಾಕಿ ಅಂತ ವಾಷಿಂಗ್ಟನ್ನಿನಲ್ಲಿ ಲಾಬಿ ಮಾಡುತ್ತಿವೆಯಂತೆ. ನಮ್ಮೂರ ನಿಲ್ದಾಣ ಸಾರ್ವಜನಿಕರದ್ದೇ ಅಲ್ವಾ? ನಮ್ಮ ದುಡ್ಡಿನಲ್ಲೇ ಲಾಬಿ ಮಾಡಿ ನಮ್ಮಿಂದಲೇ ಜಾಸ್ತಿ ವಸೂಲಿ ಮಾಡುವುದು ಯಾವ ನ್ಯಾಯ? ಏರ್‌ಲೈನ್‌ಗಳು ಇದನ್ನು ವಿರೋಧಿಸುತ್ತಿವೆ ಅಂದರೆ ಅವರೇ ನಮ್ಮ ಪರವಾ? 2021ರಲ್ಲಿ ಸರ್ಕಾರ ಸಾವಿರಾರು ಕೋಟಿ ಡಾಲರ್ ಕೊಟ್ಟಿತ್ತಲ್ಲ, ಅದೇನಾಯಿತು? ಬೆಂಗಳೂರಿನಲ್ಲೂ ಯುಡಿಎಫ್ (ಯೂಸರ್ ಡೆವಲಪ್‌ಮೆಂಟ್ ಫೀ) ಅಂತ ಹಾಕುತ್ತಾರೆ. ಎರಡೂ ಒಂದೇನಾ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು, ಟಿಕೆಟ್ ದುಬಾರಿಯಾಗುತ್ತದಾ ಅನ್ನೋದು. ಇನ್ನೊಂದು, ನಮ್ಮ ಹೆಸರಿನಲ್ಲಿ, ನಮಗೆ ಗೊತ್ತಿಲ್ಲದ ಹಾಗೆ, ಯಾರೋ ನಮ್ಮ ವಿರುದ್ಧವೇ ವಾದ ಮಾಡುತ್ತಿದ್ದಾರಾ ಅನ್ನೋದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅಂತ ನನಗನ್ನಿಸುತ್ತದೆ. ಉತ್ತರಕ್ಕೆ ಮುಂಚೆ ನನ್ನ ನಿಲುವು ಹೇಳಿಬಿಡುತ್ತೇನೆ. ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದು ವಿಮಾನ ನಿಲ್ದಾಣಗಳ ಹಣಕಾಸಿನಲ್ಲಿ. ಮಿತಿಯನ್ನು ಸ್ವಲ್ಪವಾದರೂ ಏರಿಸಬೇಕು ಅನ್ನುವ ಪಕ್ಷ ನನ್ನದು. ಆದರೆ ಏರ್‌ಲೈನ್‌ಗಳ ವಾದದಲ್ಲೂ ಒಪ್ಪಬೇಕಾದ ಮಾತುಗಳಿವೆ, ಅವನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ರಸೀದಿ ಬಿಡಿಸೋಣ. ಎಕ್ಸ್‌ಎಫ್ ಸಾಲಿನ ಪಕ್ಕ ಸಣ್ಣ ಅಕ್ಷರದಲ್ಲಿ ಆರ್‌ಡಿಯು 4.5, ಡಿಎಫ್‌ಡಬ್ಲ್ಯೂ 4.5, ಎಸ್‌ಜೆಸಿ 4.5, ಮತ್ತೆ ಡಿಎಫ್‌ಡಬ್ಲ್ಯೂ 4.5 ಅಂತ ಇರುತ್ತದೆ. ಇವು ರಾಲಿ-ಡರ್ಹಮ್, ಡಾಲಸ್, ಸ್ಯಾನ್ ಹೋಸೆ ನಿಲ್ದಾಣಗಳ ಸಂಕೇತಗಳು. ಅಂದರೆ ನೀವು ವಿಮಾನ ಹತ್ತಿದ ಪ್ರತಿ ನಿಲ್ದಾಣಕ್ಕೂ ನಾಲ್ಕೂವರೆ ಡಾಲರ್. ಇದರ ಪೂರ್ತಿ ಹೆಸರು ಪ್ಯಾಸೆಂಜರ್ ಫೆಸಿಲಿಟಿ ಚಾರ್ಜ್. ನಮ್ಮ ವಲಯದಲ್ಲಿ ಎಲ್ಲರೂ ಪಿಎಫ್‌ಸಿ ಅನ್ನುತ್ತಾರೆ. ಒಂದು ದಿಕ್ಕಿನ ಪ್ರಯಾಣಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಆದ್ದರಿಂದ ಹೋಗಿಬರಲು ಗರಿಷ್ಠ 18 ಡಾಲರ್. ನೀವು ಆ ಗರಿಷ್ಠವನ್ನೇ ಕೊಟ್ಟಿದ್ದೀರಿ.

ಅದೇ ರಸೀದಿಯಲ್ಲಿ ಇನ್ನೂ ಮೂರು ಸಾಲುಗಳಿವೆ. ಮೂಲ ದರದ ಮೇಲೆ ಶೇ 7.5 ಕೇಂದ್ರ ತೆರಿಗೆ. ಝಡ್‌ಪಿ ಅಂತ ಪ್ರತಿ ಹಾರಾಟಕ್ಕೆ ಒಂದು ಶುಲ್ಕ, 2025ರಲ್ಲಿ ಅದು 5.20 ಡಾಲರ್. ನಿಮ್ಮದು ನಾಲ್ಕು ಹಾರಾಟ, ಹಾಗಾಗಿ 20.80. ಎವೈ ಅಂತ ಭದ್ರತಾ ಶುಲ್ಕ, ಒಂದು ದಿಕ್ಕಿಗೆ 5.60ರಂತೆ 11.20. ಇವೆಲ್ಲ ‘ತೆರಿಗೆ ಮತ್ತು ಶುಲ್ಕ’ ಅನ್ನುವ ಒಂದೇ ತಲೆಬರಹದ ಕೆಳಗೆ ಕೂತಿರುವುದರಿಂದ ಎಲ್ಲವೂ ಒಂದೇ ಜೇಬಿಗೆ ಹೋಗುತ್ತವೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಶೇ 7.5ರ ತೆರಿಗೆ ಮತ್ತು ಹಾರಾಟದ ಶುಲ್ಕ ವಾಷಿಂಗ್ಟನ್ನಿಗೆ ಹೋಗುತ್ತವೆ. 1970ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಮಾಡಿದ ‘ಏರ್‌ಪೋರ್ಟ್ ಆ್ಯಂಡ್ ಏರ್‌ವೇ ಟ್ರಸ್ಟ್ ಫಂಡ್’ ಎಂಬ ನಿಧಿಗೆ ಅವು ಸೇರುತ್ತವೆ. ಭದ್ರತಾ ಶುಲ್ಕವೂ ಕೇಂದ್ರಕ್ಕೇ. ಅದರ ಒಂದು ಭಾಗವನ್ನು 2013ರ ಬಜೆಟ್ ಕಾನೂನಿನ ನಂತರ ಸರ್ಕಾರದ ಕೊರತೆ ತುಂಬಲು ತಿರುಗಿಸಿದ್ದಾರೆ, ಪೂರ್ತಿ ಭದ್ರತೆಗೆ ಹೋಗುವುದಿಲ್ಲ. ಪಿಎಫ್‌ಸಿ ಮಾತ್ರ ವಾಷಿಂಗ್ಟನ್ನಿನ ಮುಖ ನೋಡುವುದಿಲ್ಲ. ಏರ್‌ಲೈನ್ ಅದನ್ನು ನಿಮ್ಮಿಂದ ತೆಗೆದುಕೊಂಡು, ಪ್ರತಿ ಪಿಎಫ್‌ಸಿಗೆ 11 ಸೆಂಟ್ಸ್ ಕೈಖರ್ಚು ಅಂತ ಇಟ್ಟುಕೊಂಡು, ಉಳಿದದ್ದನ್ನು ನೇರ ಆಯಾ ನಿಲ್ದಾಣಕ್ಕೆ ಕಳಿಸುತ್ತದೆ. ರಾಲಿಯಲ್ಲಿ ಕೊಟ್ಟದ್ದು ರಾಲಿಗೆ, ಡಾಲಸ್‌ನಲ್ಲಿ ಕೊಟ್ಟದ್ದು ಡಾಲಸ್‌ಗೆ.

ಇಲ್ಲೊಂದು ಪ್ರಶ್ನೆ ಬರುತ್ತದೆ. ದುಡ್ಡು ಸ್ಥಳೀಯ ನಿಲ್ದಾಣದ್ದೇ ಆದರೆ, ಅದೆಷ್ಟಿರಬೇಕು ಅಂತ ಹೇಳಲು ಕಾಂಗ್ರೆಸ್ ಯಾಕೆ ಬೇಕು? ಇದಕ್ಕೊಂದು ಹಿನ್ನೆಲೆ ಇದೆ. 1972ರಲ್ಲಿ ಇಂಡಿಯಾನಾದ ಇವಾನ್ಸ್‌ವಿಲ್ ನಿಲ್ದಾಣದ ಪ್ರಕರಣದಲ್ಲಿ, ನಿಲ್ದಾಣಗಳು ಪ್ರಯಾಣಿಕರ ತಲೆಗಿಷ್ಟು ಅಂತ ಶುಲ್ಕ ಹಾಕಬಹುದು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಾರನೇ ವರ್ಷವೇ ಕಾಂಗ್ರೆಸ್ ಕಾನೂನು ಮಾಡಿ ಅದನ್ನು ನಿಷೇಧಿಸಿತು. 1990ರಲ್ಲಿ ನಿಷೇಧ ಸಡಿಲಿಸಿ, ಅನುಮತಿ ಪಡೆದು 3 ಡಾಲರ್‌ವರೆಗೆ ಹಾಕಬಹುದು ಅಂದರು. 2000ದಲ್ಲಿ ಅದನ್ನು 4.50ಕ್ಕೆ ಏರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಒಂದು ಸೆಂಟ್ ಕೂಡ ಏರಿಲ್ಲ. 2000ದಲ್ಲಿ 4.50 ಡಾಲರ್‌ಗೆ ಸಿಗುತ್ತಿದ್ದುದಕ್ಕೆ ಇವತ್ತು ಎಂಟು ಡಾಲರ್‌ಗೂ ಮೇಲೆ ಬೇಕು. ನಿಲ್ದಾಣಗಳ ವಾದದ ಬೇರು ಇದೇ. ನನ್ನ ಪ್ರಕಾರ ಇದು ನ್ಯಾಯವಾದ ವಾದ.

ಲಾಬಿ ಯಾರು ಮಾಡುತ್ತಾರೆ, ಯಾರ ದುಡ್ಡಲ್ಲಿ?

ನಿಲ್ದಾಣಗಳ ಕಡೆಯಿಂದ ಮುಖ್ಯವಾಗಿ ಎರಡು ಸಂಘಗಳು. ಒಂದು ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್‌ನ ಉತ್ತರ ಅಮೆರಿಕ ಶಾಖೆ. ಇದರಲ್ಲಿ ನಿಲ್ದಾಣ ನಡೆಸುವ ಪ್ರಾಧಿಕಾರಗಳೇ ಸದಸ್ಯರು. ಇನ್ನೊಂದು ಅಮೆರಿಕನ್ ಅಸೋಸಿಯೇಷನ್ ಆಫ್ ಏರ್‌ಪೋರ್ಟ್ ಎಕ್ಸಿಕ್ಯುಟಿವ್ಸ್, ನಿಲ್ದಾಣಗಳ ಅಧಿಕಾರಿಗಳ ಸಂಘ. ಎದುರು ಪಕ್ಷದಲ್ಲಿ ದೊಡ್ಡ ಏರ್‌ಲೈನ್‌ಗಳ ಸಂಘ, ಏರ್‌ಲೈನ್ಸ್ ಫಾರ್ ಅಮೆರಿಕ. ಮೂವರಿಗೂ ವಾಷಿಂಗ್ಟನ್ನಿನ ಓಣಿಗಳು ಚೆನ್ನಾಗಿ ಗೊತ್ತು. ಲಾಬಿಗೆ ಎಷ್ಟು ಖರ್ಚು ಮಾಡಿದರು ಅನ್ನುವುದನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಕಾಂಗ್ರೆಸ್ಸಿಗೆ ಬರೆದುಕೊಡಬೇಕು. ಆ ಕಡತಗಳನ್ನು ಯಾರು ಬೇಕಾದರೂ ನೋಡಬಹುದು.

ನಿಮ್ಮೂರಿನ ನಿಲ್ದಾಣ ರಾಲಿ, ಡರ್ಹಮ್ ನಗರಗಳು ಮತ್ತು ವೇಕ್, ಡರ್ಹಮ್ ಕೌಂಟಿಗಳಿಗೆ ಸೇರಿದ್ದು. ನಡೆಸುವುದು ಒಂದು ಪ್ರಾಧಿಕಾರ. ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವುದು ಏನೆಂದರೆ, ತಮ್ಮ ಮನೆ ತೆರಿಗೆಯಲ್ಲಿ ನಿಲ್ದಾಣ ನಡೆಯುತ್ತಿದೆ ಅಂತ. ಅಮೆರಿಕದ ದೊಡ್ಡ ಪ್ರಯಾಣಿಕ ನಿಲ್ದಾಣಗಳು ನಡೆಯುವುದು ಏರ್‌ಲೈನ್‌ಗಳ ಬಾಡಿಗೆ ಮತ್ತು ಲ್ಯಾಂಡಿಂಗ್ ಶುಲ್ಕ, ಪಾರ್ಕಿಂಗ್, ಅಂಗಡಿಗಳ ಬಾಡಿಗೆ, ಬಾಡಿಗೆ ಕಾರುಗಳಿಂದ ಬರುವ ಆದಾಯದ ಮೇಲೆ. ಈ ಆದಾಯವನ್ನು ನಿಲ್ದಾಣದ ಹೊರಗೆ ಖರ್ಚು ಮಾಡಲು ಕೇಂದ್ರ ಕಾನೂನು ಬಿಡುವುದಿಲ್ಲ. ಹಳೇ ಕಾಲದಿಂದ ವಿನಾಯಿತಿ ಪಡೆದ ಕೆಲವೇ ಕೆಲವು ನಿಲ್ದಾಣಗಳು ಇದಕ್ಕೆ ಹೊರತು. ಊರಿನ ರಸ್ತೆ ಗುಂಡಿ ಮುಚ್ಚಲು ನಿಲ್ದಾಣದ ಹಣ ತೆಗೆಯುವಂತಿಲ್ಲ.

ಹಾಗಾದರೆ ಲಾಬಿಗೆ ತೆಗೆಯಬಹುದಾ? ತೆಗೆಯಬಹುದು, ಒಂದು ಷರತ್ತಿನ ಮೇಲೆ. ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, 1999ರಲ್ಲಿ ಹೊರಡಿಸಿದ ಆದಾಯ ಬಳಕೆಯ ನೀತಿಯಲ್ಲಿ ಇದು ಸ್ಪಷ್ಟವಾಗಿದೆ. ಯಾವ ಕೆಲಸಕ್ಕೆ ನಿಲ್ದಾಣದ ಆದಾಯ ಬಳಸಬಹುದೋ, ಅಂಥ ಕೆಲಸದ ಪರವಾಗಿ ಲಾಬಿ ಮಾಡಲು ಮಾತ್ರ ಆ ಹಣ ಬಳಸಬಹುದು. ಕೇಂದ್ರ ಸರ್ಕಾರ ಕೊಟ್ಟ ಅನುದಾನವನ್ನು ಮಾತ್ರ ಲಾಬಿಗೆ ಮುಟ್ಟುವಂತಿಲ್ಲ. ಹಾಗಾಗಿ "ನಮ್ಮ ತೆರಿಗೆ ದುಡ್ಡಲ್ಲಿ ಲಾಬಿ" ಅನ್ನುವುದು ನಿಜವಲ್ಲ. "ನಾವು ಕೊಟ್ಟ ಪಾರ್ಕಿಂಗ್ ದುಡ್ಡಿನ ಒಂದು ಚೂರು ಲಾಬಿಗೆ ಹೋಗಬಹುದು" ಅನ್ನುವುದು ನಿಜ. ಅದು ನಿಮಗೆ ಇಷ್ಟವಾಗದೇ ಇರಬಹುದು, ಆ ಅಸಮಾಧಾನಕ್ಕೆ ಅರ್ಥವಿದೆ. ಇದರ ಜೊತೆಗೇ ಇನ್ನೊಂದು ವಿಷಯವನ್ನೂ ನೋಡಿ. ಎದುರು ಪಕ್ಷದ ಲಾಬಿ ನಡೆಯುವುದೂ ನೀವು ಕೊಟ್ಟ ಟಿಕೆಟ್ ದುಡ್ಡಿನಲ್ಲೇ.

ಏರ್‌ಲೈನ್‌ಗಳು ನಮ್ಮ ಪರವಾ?

ಇದಕ್ಕೆ ಉತ್ತರ ಹೇಳುವಾಗ ಸ್ವಲ್ಪ ನಿಧಾನಿಸಬೇಕು. ಇಡೀ ಜಗಳದ ತಿರುಳು ಇಲ್ಲಿದೆ.

ನಿಲ್ದಾಣವೊಂದು ಹೊಸ ಗೇಟುಗಳನ್ನು ಕಟ್ಟಬೇಕು ಅಂದುಕೊಳ್ಳಿ. ಬಾಂಡ್ ಹೊರಡಿಸಿ ಸಾಲ ಎತ್ತಬೇಕು. ಸಾಲ ಕೊಡುವವರು ಕೇಳುತ್ತಾರೆ, ತೀರಿಸುವವರು ಯಾರು ಅಂತ. ಹಳೇ ಪದ್ಧತಿಯಲ್ಲಿ ಅಲ್ಲಿರುವ ದೊಡ್ಡ ಏರ್‌ಲೈನ್ ದೀರ್ಘಾವಧಿಯ ಗುತ್ತಿಗೆಗೆ ಸಹಿ ಹಾಕಿ, "ಬಾಡಿಗೆ ರೂಪದಲ್ಲಿ ನಾವು ತೀರಿಸುತ್ತೇವೆ" ಅನ್ನುತ್ತಿತ್ತು. ಅದಕ್ಕೆ ಪ್ರತಿಯಾಗಿ ಆ ಗೇಟುಗಳು ತನಗೇ ಮೀಸಲು ಅನ್ನುತ್ತಿತ್ತು. ಎಷ್ಟೋ ಒಪ್ಪಂದಗಳಲ್ಲಿ, ಬಹುಪಾಲು ವ್ಯವಹಾರ ಹೊಂದಿರುವ ಏರ್‌ಲೈನ್‌ಗಳು ಬೇಡ ಅಂದರೆ ನಿಲ್ದಾಣ ದೊಡ್ಡ ಕಾಮಗಾರಿಗೆ ಕೈ ಹಾಕುವಂತಿಲ್ಲ ಅನ್ನುವ ಕಲಮೂ ಇತ್ತು. ನಮ್ಮ ಊರುಗಳ ಪುರಸಭೆ ಮಳಿಗೆಗಳನ್ನು ನೆನಪಿಸಿಕೊಳ್ಳಿ. ಇರುವ ವ್ಯಾಪಾರಿಗಳ ಠೇವಣಿಯಿಂದಲೇ ಹೊಸ ಮಳಿಗೆ ಕಟ್ಟುವುದಾದರೆ, ಹೊಸ ಅಂಗಡಿ ಯಾರಿಗೆ ಸಿಗಬೇಕು ಅನ್ನುವುದನ್ನು ಅವರೇ ಹೇಳುತ್ತಾರೆ. ಪುರಸಭೆ ತನ್ನ ದುಡ್ಡಲ್ಲಿ ಕಟ್ಟಿದರೆ ಹರಾಜಿಗಿಡಬಹುದು.

ಪಿಎಫ್‌ಸಿ ಅಂದರೆ ಆ ಸ್ವಂತ ದುಡ್ಡು. 1990ರಲ್ಲಿ ಇದನ್ನು ತಂದಾಗ ಕಾನೂನಿನಲ್ಲೇ ಒಂದು ಗುರಿ ಬರೆದಿದ್ದರು. ಸುರಕ್ಷತೆ, ಸಾಮರ್ಥ್ಯ, ಶಬ್ದ ತಗ್ಗಿಸುವುದರ ಜೊತೆಗೆ ಏರ್‌ಲೈನ್‌ಗಳ ನಡುವೆ ಪೈಪೋಟಿ ಹೆಚ್ಚಿಸುವುದಕ್ಕೂ ಇದನ್ನು ಬಳಸಬಹುದು ಅಂತ. ಪಿಎಫ್‌ಸಿಯಿಂದ ಕಟ್ಟಿದ ಗೇಟನ್ನು ಯಾವ ಏರ್‌ಲೈನೂ ತನ್ನೊಬ್ಬನ ಸ್ವತ್ತು ಮಾಡಿಕೊಳ್ಳುವಂತಿಲ್ಲ. 2000ದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದೋ ಎರಡೋ ಏರ್‌ಲೈನ್‌ಗಳ ಕೈಯಲ್ಲೇ ಅರ್ಧಕ್ಕಿಂತ ಹೆಚ್ಚು ಪ್ರಯಾಣಿಕರಿರುವ ದೊಡ್ಡ ಮತ್ತು ಮಧ್ಯಮ ನಿಲ್ದಾಣಗಳು ಹೊಸ ಪಿಎಫ್‌ಸಿಗೆ ಅನುಮತಿ ಪಡೆಯಬೇಕಾದರೆ, ಹೊಸಬರಿಗೆ ಹೇಗೆ ಜಾಗ ಕೊಡುತ್ತೇವೆ ಅಂತ ಪೈಪೋಟಿಯ ಯೋಜನೆ ಬರೆದುಕೊಡಬೇಕು.

ಅಲ್ಲಿ ಈಗಾಗಲೇ ನೆಲೆಯೂರಿರುವ ಏರ್‌ಲೈನ್ ಇದನ್ನು ಯಾಕೆ ಇಷ್ಟಪಡುವುದಿಲ್ಲ ಅಂತ ಈಗ ಅರ್ಥವಾಗಿರಬೇಕು. ಪ್ರಯಾಣಿಕರ ಮೇಲಿನ ಕಾಳಜಿ ಅದರಲ್ಲಿ ಎಳ್ಳಷ್ಟೂ ಇಲ್ಲ ಅಂತ ನಾನು ಹೇಳುವುದಿಲ್ಲ. ಶುಲ್ಕ ಏರಿದರೆ ಕೆಲವರು ಪ್ರಯಾಣ ಬಿಡುತ್ತಾರೆ, ಆ ನಷ್ಟ ಏರ್‌ಲೈನ್‌ಗೇ. ಆದರೆ ಹೊಸ ಗೇಟಿಗೆ ಕಡಿಮೆ ದರದ ಪ್ರತಿಸ್ಪರ್ಧಿ ಬಂದು ಕೂತರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಇನ್ನೊಂದು ಮಾತು. 2008ರಲ್ಲಿ ದೊಡ್ಡ ಏರ್‌ಲೈನ್‌ಗಳು ಮೊದಲ ಬ್ಯಾಗಿಗೂ ಶುಲ್ಕ ಹಾಕಲು ಶುರು ಮಾಡಿದವು. 2023ರಲ್ಲಿ ಅಮೆರಿಕದ ಏರ್‌ಲೈನ್‌ಗಳು ಬ್ಯಾಗ್ ಶುಲ್ಕದಿಂದಲೇ 700 ಕೋಟಿ ಡಾಲರ್‌ಗೂ ಮೇಲೆ ಗಳಿಸಿದವು. ದೇಶದ ಎಲ್ಲ ನಿಲ್ದಾಣಗಳ ಪಿಎಫ್‌ಸಿ ಒಟ್ಟು ಸೇರಿಸಿದರೂ ಅಷ್ಟಾಗುವುದಿಲ್ಲ. ದೇಶದೊಳಗಿನ ಟಿಕೆಟ್ಟಿನ ಮೂಲ ದರದ ಮೇಲೆ ಶೇ 7.5 ತೆರಿಗೆ ಇದೆ, ಬ್ಯಾಗ್ ಶುಲ್ಕದ ಮೇಲೆ ಇಲ್ಲ. ಟಿಕೆಟ್ಟಿನ ಬೆಲೆಯನ್ನು ಒಡೆದು ಬ್ಯಾಗಿಗೆ ಹಾಕಿದಷ್ಟೂ ಟ್ರಸ್ಟ್ ಫಂಡಿಗೆ ಬರಬೇಕಾದ ದುಡ್ಡು ತಪ್ಪುತ್ತದೆ. ಶುಲ್ಕ ಏರಿದರೆ ಕುಟುಂಬಗಳಿಗೆ ಹೊರೆ ಅನ್ನುವ ವಾದವನ್ನು ಕೇಳುವಾಗ ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಶುಲ್ಕ ಕಡಿಮೆಯಾದರೆ ಟಿಕೆಟ್ ಅಗ್ಗವಾಗುತ್ತದೆ ಅನ್ನುವ ನಂಬಿಕೆಗೆ 2011ರಲ್ಲಿ ಒಂದು ಪರೀಕ್ಷೆಯೇ ನಡೆದುಹೋಯಿತು. ಆ ಜುಲೈ 23ರಂದು ಎಫ್‌ಎಎ ಕಾನೂನಿನ ಅವಧಿ ಮುಗಿದು, ಕಾಂಗ್ರೆಸ್ ಮುಂದುವರಿಸದೆ, ಟಿಕೆಟ್ ತೆರಿಗೆ ವಸೂಲಿ ಮಾಡುವ ಅಧಿಕಾರವೇ ಸುಮಾರು ಎರಡು ವಾರ ಇರಲಿಲ್ಲ. ಪ್ರಯಾಣಿಕರಿಗೆ ಅಷ್ಟು ಉಳಿಯಬೇಕಿತ್ತು ಅಲ್ವಾ? ಹೆಚ್ಚಿನ ಏರ್‌ಲೈನ್‌ಗಳು ತೆರಿಗೆಯಷ್ಟೇ ಮೊತ್ತವನ್ನು ಮೂಲ ದರಕ್ಕೆ ಸೇರಿಸಿಬಿಟ್ಟವು. ಟಿಕೆಟ್ಟಿನ ಒಟ್ಟು ಬೆಲೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಸರ್ಕಾರಕ್ಕೆ ದಿನಕ್ಕೆ ಸುಮಾರು 3 ಕೋಟಿ ಡಾಲರ್ ಖೋತಾ. ಎಫ್‌ಎಎಯ ಸುಮಾರು 4,000 ನೌಕರರು ಸಂಬಳವಿಲ್ಲದೆ ಮನೆಯಲ್ಲಿ ಕೂತರು, ನಿಲ್ದಾಣಗಳ ಕಾಮಗಾರಿಗಳು ನಿಂತವು. ಟಿಕೆಟ್ ಬೆಲೆಯನ್ನು ತೀರ್ಮಾನಿಸುವುದು ಮಾರುಕಟ್ಟೆ ಎಷ್ಟು ತಾಳುತ್ತದೆ ಅನ್ನೋದು. ಶುಲ್ಕ ಏರಿದಾಗಲೂ ಇದೇ ಸೂತ್ರ ಉಲ್ಟಾ ಕೆಲಸ ಮಾಡುತ್ತದೆ. ಪೈಪೋಟಿ ಜೋರಾಗಿರುವ ದಾರಿಯಲ್ಲಿ ಏರಿಕೆಯ ಒಂದು ಭಾಗವನ್ನು ಏರ್‌ಲೈನೇ ನುಂಗಿಕೊಳ್ಳಬೇಕಾಗುತ್ತದೆ. ಒಂದೇ ಏರ್‌ಲೈನ್ ಇರುವ ಸಣ್ಣ ಊರಿನಲ್ಲಿ ಪೂರ್ತಿ ನಿಮ್ಮ ತಲೆಗೇ ಬೀಳಬಹುದು.

ಏರ್‌ಲೈನ್‌ಗಳ ವಾದದಲ್ಲಿ ನಾನು ಒಪ್ಪುವುದು ಇಷ್ಟು. ಮಿತಿ ಏರದಿದ್ದರೂ ಪ್ರಯಾಣಿಕರ ಸಂಖ್ಯೆ ಏರಿದೆ, ಹಾಗಾಗಿ ಪಿಎಫ್‌ಸಿಯ ಒಟ್ಟು ವಸೂಲಿಯೂ ಏರಿದೆ. ದೊಡ್ಡ ನಿಲ್ದಾಣಗಳಿಗೆ ಬಾಂಡ್ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರಿದೆ, ಸಾಲ ಸಿಗುತ್ತದೆ. ಕೆಲವು ಕಡೆ ಬೇಕಾದ್ದಕ್ಕಿಂತ ಆಡಂಬರದ ಟರ್ಮಿನಲ್‌ಗಳನ್ನು ಕಟ್ಟಿದ್ದೂ ಉಂಟು. ಖರ್ಚಿಗೆ ಯಾರೂ ತಡೆ ಹಾಕದಿದ್ದರೆ ಏನಾಗಬಹುದು ಅನ್ನುವ ಅವರ ಭಯ ಸುಳ್ಳಲ್ಲ.

ಸರ್ಕಾರ ಕೊಟ್ಟ ಹಣ ಎಲ್ಲಿ ಹೋಯಿತು?

ಕೇಂದ್ರದ ಮುಖ್ಯ ಅನುದಾನದ ಹೆಸರು ಏರ್‌ಪೋರ್ಟ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ, ಎಐಪಿ. 1982ರಿಂದ ನಡೆಯುತ್ತಿದೆ. ಟ್ರಸ್ಟ್ ಫಂಡಿನಿಂದ ಬರುತ್ತದೆ. ಇದರಲ್ಲಿ ಹೆಚ್ಚಾಗಿ ರನ್‌ವೇ, ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿಬರುವ ದಾರಿ), ಅಗ್ನಿಶಾಮಕ ವಾಹನದಂಥ ಕೆಲಸಗಳಾಗುತ್ತವೆ. ಟರ್ಮಿನಲ್‌ಗೆ ಇದರಿಂದ ಸಿಗುವುದು ಕಡಿಮೆ, ಗೇಟು ಬೇಕಾದರೆ ಪಿಎಫ್‌ಸಿಯೇ ಗತಿ. 2012ರಿಂದ 2023ರವರೆಗೆ ಎಐಪಿ ವರ್ಷಕ್ಕೆ 335 ಕೋಟಿ ಡಾಲರ್‌ನಲ್ಲೇ ನಿಂತಿತ್ತು. ದೇಶದ ಸುಮಾರು 3,300 ನಿಲ್ದಾಣಗಳು ಅದನ್ನು ಹಂಚಿಕೊಳ್ಳಬೇಕು. 2024ರ ಮೇನಲ್ಲಿ ಸಹಿಯಾದ ಎಫ್‌ಎಎ ಕಾನೂನು ಅದನ್ನು 400 ಕೋಟಿಗೆ ಏರಿಸಿತು, 2028ರವರೆಗೆ. ನಿಲ್ದಾಣಗಳ ಸಂಘಗಳು ಪಿಎಫ್‌ಸಿ ಏರಿಕೆಯನ್ನೂ ಬಹಳ ಕೇಳಿದ್ದವು. ಸಿಗಲಿಲ್ಲ.

ನೀವು ಕೇಳಿದ 2021ರ ಮೂಲಸೌಕರ್ಯ ಕಾನೂನು ವಿಮಾನಯಾನಕ್ಕೆ ಐದು ವರ್ಷಕ್ಕೆ 2,500 ಕೋಟಿ ಡಾಲರ್ ಕೊಟ್ಟಿತು. 1,500 ಕೋಟಿ ನಿಲ್ದಾಣಗಳ ಸಾಮಾನ್ಯ ಕಾಮಗಾರಿಗೆ, 500 ಕೋಟಿ ಟರ್ಮಿನಲ್‌ಗಳಿಗೆ, ಇನ್ನು 500 ಕೋಟಿ ಎಫ್‌ಎಎಯ ಸ್ವಂತ ಸಂಚಾರ ನಿಯಂತ್ರಣ ಕಟ್ಟಡಗಳಿಗೆ. ಇದು 2022ರಿಂದ 2026ರ ಹಣಕಾಸು ವರ್ಷಗಳಿಗೆ ಮಾತ್ರ. ಅದಕ್ಕೂ ಮುಂಚೆ ಕೋವಿಡ್ ಕಾಲದಲ್ಲಿ ಮೂರು ಕಂತಿನಲ್ಲಿ 2,000 ಕೋಟಿ ಬಂತು. ಆದರೆ ಅದು ಬಹುಪಾಲು ಸಂಬಳ, ಸಾಲದ ಕಂತು ಕಟ್ಟಿ ಉಸಿರು ಹಿಡಿದುಕೊಳ್ಳಲು ಹೋಯಿತು.

ಈ ಮೊತ್ತಗಳು ದೊಡ್ಡವೇ. ಬೇಕಾದ್ದು ಎಷ್ಟು ಅನ್ನುವಲ್ಲಿ ಲೆಕ್ಕ ಬೇರೆಬೇರೆ. 2023ರಿಂದ 2027ರ ಐದು ವರ್ಷಕ್ಕೆ ಎಫ್‌ಎಎ ಹೇಳಿದ್ದು 6,240 ಕೋಟಿ ಡಾಲರ್. ಅದೇ ಅವಧಿಗೆ ನಿಲ್ದಾಣಗಳ ಸಂಘ ಹೇಳಿದ್ದು 15,100 ಕೋಟಿ. ಎರಡೂವರೆ ಪಟ್ಟು ವ್ಯತ್ಯಾಸ! ಇದನ್ನು ನೋಡಿ ಸಂಘ ಸುಳ್ಳು ಹೇಳುತ್ತಿದೆ ಅನ್ನುವವರಿದ್ದಾರೆ. ಎಫ್‌ಎಎ ಲೆಕ್ಕ ಹಾಕುವುದು ಎಐಪಿ ಅನುದಾನಕ್ಕೆ ಅರ್ಹವಾದ ಕೆಲಸಗಳನ್ನು ಮಾತ್ರ. ಗೇಟು, ಬ್ಯಾಗೇಜ್ ವ್ಯವಸ್ಥೆ, ಪಾರ್ಕಿಂಗ್ ಕಟ್ಟಡ ಇಂಥವನ್ನೂ ಸೇರಿಸಿದರೆ ಸಂಘದ ಅಂಕಿ ಬರುತ್ತದೆ. ಹಾಗಂತ ಸಂಘದ ಅಂಕಿಯನ್ನು ದೇವರ ಮಾತು ಅನ್ನಬೇಕಿಲ್ಲ. ಅದು ನಿಲ್ದಾಣಗಳು ತಾವೇ ಬರೆದುಕೊಟ್ಟ ಬೇಡಿಕೆಪಟ್ಟಿ. ಅದರಲ್ಲಿ ಅಗತ್ಯವೂ ಇರುತ್ತದೆ, ಆಸೆಯೂ ಇರುತ್ತದೆ.

ಅಗತ್ಯ ಅಂದರೆ ಹೇಗಿರುತ್ತದೆ ಅನ್ನುವುದಕ್ಕೆ ನಿಮ್ಮೂರಿನ ನಿಲ್ದಾಣವನ್ನೇ ನೋಡಿ. ನೀವು ಹಾರಿದ ರಾಲಿ-ಡರ್ಹಮ್‌ನ ಉದ್ದನೆಯ ರನ್‌ವೇ, 10,000 ಅಡಿಯದ್ದು, 1986ರಲ್ಲಿ ಆದದ್ದು. ಅದರ ಕಾಂಕ್ರೀಟಿನೊಳಗೇ ಒಂದು ರಾಸಾಯನಿಕ ಕ್ರಿಯೆ ನಡೆಯುತ್ತಿದೆ. ಜಲ್ಲಿಯ ಸಿಲಿಕಾ ಮತ್ತು ಸಿಮೆಂಟಿನ ಕ್ಷಾರ ಸೇರಿ ಒಂದು ಬಗೆಯ ಅಂಟು ಆಗುತ್ತದೆ. ಅದು ನೀರು ಹೀರಿ ಉಬ್ಬುತ್ತದೆ, ಚಪ್ಪಡಿ ಬಿರಿಯುತ್ತದೆ. ಮೇಲೆ ಎಷ್ಟು ತೇಪೆ ಹಾಕಿದರೂ ಒಳಗಿನದು ನಿಲ್ಲುವುದಿಲ್ಲ. ಹಾಳಾದ ಚಪ್ಪಡಿಗಳನ್ನು ಕಿತ್ತು ಬದಲಿಸುತ್ತಾ ಕಾಲ ತಳ್ಳಿದರು. ಕೊನೆಗೆ ಪಕ್ಕದಲ್ಲೇ ಹೊಸ ರನ್‌ವೇ ಕಟ್ಟಿ, ಹಳೆಯದನ್ನು ಟ್ಯಾಕ್ಸಿವೇ ಮಾಡುವ ಕೆಲಸಕ್ಕೆ 2023ರಲ್ಲಿ ಕೈ ಹಾಕಿದರು. ಇಂಥದ್ದನ್ನು ಮುಂದಕ್ಕೆ ಹಾಕುತ್ತಾ ಹೋಗಲು ಆಗುವುದಿಲ್ಲ.

ಇರುವ ದಾರಿಗಳು, ಅವುಗಳ ಅಪಾಯಗಳು

ಮಿತಿಯನ್ನು 4.50ರಲ್ಲೇ ಬಿಡುವುದು ಒಂದು ದಾರಿ. ಆಗ ಶುಲ್ಕವೇನೂ ಏರುವುದಿಲ್ಲ, ಸಾಲ ಏರುತ್ತದೆ. ಹತ್ತು ಕೋಟಿ ಡಾಲರ್ ಸಾಲವನ್ನು ಶೇ 5ರ ಬಡ್ಡಿಗೆ 30 ವರ್ಷ ಕಟ್ಟಿದರೆ ಬಡ್ಡಿಯೇ ಸುಮಾರು ಒಂಬತ್ತೂವರೆ ಕೋಟಿ ಆಗುತ್ತದೆ. ಅದನ್ನು ನಿಲ್ದಾಣ ಬಾಡಿಗೆ, ಲ್ಯಾಂಡಿಂಗ್ ಶುಲ್ಕವಾಗಿ ಏರ್‌ಲೈನ್ ಮೇಲೆ ಹಾಕುತ್ತದೆ, ಏರ್‌ಲೈನ್ ಟಿಕೆಟ್ ದರದಲ್ಲಿ ನಿಮ್ಮ ಮೇಲೆ. ರಸೀದಿಯಲ್ಲಿ ಅದಕ್ಕೆ ಬೇರೆ ಸಾಲು ಇರುವುದಿಲ್ಲ, ಅಷ್ಟೇ.

ಮಿತಿ ಏರಿಸುವುದು ಇನ್ನೊಂದು. ಕಾಂಗ್ರೆಸ್ಸೇ ಹೇಳಿ ಮಾಡಿಸಿದ ಅಧ್ಯಯನದಲ್ಲಿ ರ್‍ಯಾಂಡ್ ಸಂಸ್ಥೆ 2020ರಲ್ಲಿ, ಮಿತಿಯನ್ನು ಸುಮಾರು 7.50 ಡಾಲರ್‌ಗೆ ಏರಿಸಿ ಆಮೇಲೆ ಬೆಲೆಯೇರಿಕೆಗೆ ಜೋಡಿಸಿ ಅಂತ ಸಲಹೆ ಕೊಟ್ಟಿತು. ನಿಮ್ಮ ಅದೇ ಪ್ರಯಾಣದಲ್ಲಿ ನಾಲ್ಕೂ ಸಲ 7.50 ಹಾಕಿದರು ಅಂತ ಲೆಕ್ಕ ಹಾಕಿದರೆ ಒಬ್ಬರಿಗೆ 12 ಡಾಲರ್ ಜಾಸ್ತಿ, ನಾಲ್ವರಿಗೆ 48. ಇದು ಗರಿಷ್ಠ. ಎಲ್ಲ ನಿಲ್ದಾಣಗಳೂ ಪೂರ್ತಿ ಏರಿಸಿ, ಏರ್‌ಲೈನ್ ಒಂದು ಸೆಂಟನ್ನೂ ನುಂಗದಿದ್ದರೆ ಇಷ್ಟು. 48 ಡಾಲರ್ ಸುಮ್ನೆ ತಳ್ಳಿಹಾಕುವ ಮೊತ್ತವಲ್ಲ, ಅದರಲ್ಲೂ ವರ್ಷಕ್ಕೆ ಮೂರ್ನಾಲ್ಕು ಸಲ ಓಡಾಡುವ ಮನೆಗೆ. ನಾನು ಒಪ್ಪುವುದು ಈ ದಾರಿಯನ್ನೇ.

ಮಿತಿಯನ್ನೇ ತೆಗೆದುಹಾಕುವುದು ಮೂರನೆಯದು. ನೀವು ಓದಿದ್ದು ಇದನ್ನೇ. ಪೀಟರ್ ಡಿಫಾಝಿಯೊ ಎಂಬ ಡೆಮಾಕ್ರಾಟ್ ಮತ್ತು ಥಾಮಸ್ ಮ್ಯಾಸಿ ಎಂಬ ರಿಪಬ್ಲಿಕನ್ ಸಂಸದರು 2017ರಲ್ಲಿ ಸೇರಿ ಇಂಥದ್ದೊಂದು ಮಸೂದೆ ತಂದಿದ್ದರು. ಎಡಬಲ ಎರಡೂ ಕಡೆಯವರು ಒಂದಾದದ್ದು ಈ ವಿಷಯದ ವಿಶೇಷ. ಒಬ್ಬರಿಗೆ ಮೂಲಸೌಕರ್ಯ ಮುಖ್ಯ, ಇನ್ನೊಬ್ಬರಿಗೆ ವಾಷಿಂಗ್ಟನ್ನಿನ ಹಿಡಿತ ಕಡಿಮೆಯಾಗುವುದು ಮುಖ್ಯ. ಮಸೂದೆ ಕಾನೂನಾಗಲಿಲ್ಲ. ಪ್ರಯಾಣಿಕರಿಗೆ ಬೇರೆ ನಿಲ್ದಾಣದ ಆಯ್ಕೆ ಇಲ್ಲದ ಕಡೆ ಮಿತಿಯೇ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಈ ಒಂದು ವಿಷಯದಲ್ಲಿ ನನ್ನ ಕ್ಷೇತ್ರದ ಸಂಘಗಳಿಗಿಂತ ನನ್ನ ಅಭಿಪ್ರಾಯ ಬೇರೆ.

ಎಲ್ಲವನ್ನೂ ಕೇಂದ್ರವೇ ಕೊಡಲಿ ಅನ್ನುವವರೂ ಇದ್ದಾರೆ. ಸಣ್ಣ ನಿಲ್ದಾಣಗಳಿಗೆ ಇದೇ ಸರಿ. ವರ್ಷಕ್ಕೆ 50,000 ಜನ ವಿಮಾನ ಹತ್ತುವ ಊರಿಗೆ ಪಿಎಫ್‌ಸಿಯಿಂದ ಬರುವುದು ಹೆಚ್ಚೆಂದರೆ ಎರಡೂಕಾಲು ಲಕ್ಷ ಡಾಲರ್. ಅದರಲ್ಲಿ ರನ್‌ವೇ ಆಗುವುದಿಲ್ಲ. ದೊಡ್ಡ ನಿಲ್ದಾಣಗಳು ಪಿಎಫ್‌ಸಿ ಹಾಕಿದರೆ ತಮ್ಮ ಎಐಪಿ ಪಾಲಿನ ದೊಡ್ಡ ಭಾಗ ಬಿಟ್ಟುಕೊಡಬೇಕು ಅನ್ನುವ ನಿಯಮವಿದೆ. ಹಾಗೆ ಬಿಟ್ಟದ್ದರಲ್ಲಿ ಹೆಚ್ಚಿನದು ಸಣ್ಣವಕ್ಕೇ ಹೋಗುತ್ತದೆ. ಆದರೆ ಕಾಂಗ್ರೆಸ್ಸನ್ನು ಪೂರ್ತಿ ನಂಬಿ ಕೂರುವುದು ಕಷ್ಟ. 2007ರಿಂದ 2012ರ ನಡುವೆ ಎಫ್‌ಎಎ ಕಾನೂನನ್ನು 23 ಸಲ ತಾತ್ಕಾಲಿಕವಾಗಿ ಮುಂದುವರಿಸಿದರು, ಕೆಲವೊಮ್ಮೆ ಕೆಲವೇ ವಾರಗಳಿಗೆ. ಚಳಿಯ ರಾಜ್ಯಗಳಲ್ಲಿ ಕಾಂಕ್ರೀಟ್ ಹಾಕುವ ಕಾಲವೇ ಆರೇಳು ತಿಂಗಳು. ಅನುದಾನದ ಪತ್ರ ಬರುವ ಹೊತ್ತಿಗೆ ಆ ಕಾಲ ಕಳೆದುಹೋದರೆ ಇಡೀ ವರ್ಷ ಹೋದಂತೆ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಸರ್ಕಾರವೇ ಮುಚ್ಚಿದ್ದಾಗ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿದರು, 40 ನಿಲ್ದಾಣಗಳಲ್ಲಿ ಹಾರಾಟ ಕಡಿತ ಮಾಡಬೇಕಾಯಿತು.

ಖಾಸಗಿಯವರಿಗೆ ಕೊಡುವ ದಾರಿಯನ್ನು 1996ರಿಂದ ತೆರೆದಿಟ್ಟಿದ್ದಾರೆ. ಹೆಚ್ಚು ಜನ ಬರಲಿಲ್ಲ. ಪೋರ್ಟೊ ರಿಕೊದ ಸ್ಯಾನ್ ಹ್ವಾನ್ ನಿಲ್ದಾಣವನ್ನು 2013ರಲ್ಲಿ ಗುತ್ತಿಗೆಗೆ ಕೊಟ್ಟರು. ಚಿಕಾಗೊದ ಮಿಡ್‌ವೇ ಎರಡು ಸಲ ಪ್ರಯತ್ನಿಸಿ ಕೈಬಿಟ್ಟಿತು.

ಯುಡಿಎಫ್ ಜೊತೆ ಹೋಲಿಸಿದ್ದೀರಿ. ಪ್ರಯಾಣಿಕರ ಮಟ್ಟಿಗೆ ಎರಡೂ ಒಂದೇ ಥರ, ಟಿಕೆಟ್ಟಿನಲ್ಲೇ ವಸೂಲಿ. ಒಳಗಿನ ವ್ಯವಸ್ಥೆ ಬೇರೆ. ಬೆಂಗಳೂರಿನ ನಿಲ್ದಾಣ ನಡೆಸುವುದು ಖಾಸಗಿ ಪಾಲುದಾರಿಕೆಯ ಕಂಪನಿ. ಅಲ್ಲಿ ದರವನ್ನು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ, ಎಇಆರ್‌ಎ, ಆ ನಿಲ್ದಾಣದ ಖರ್ಚು, ಹೂಡಿಕೆ, ಆದಾಯ ನೋಡಿ ನಿಗದಿ ಮಾಡುತ್ತದೆ. ಹಾಗಾಗಿ ಒಂದೊಂದು ಊರಿಗೆ ಒಂದೊಂದು ದರ, ಕೆಲವು ವರ್ಷಕ್ಕೊಮ್ಮೆ ಬದಲಾವಣೆ. ಅಮೆರಿಕದಲ್ಲಿ ನಿಲ್ದಾಣ ಸಾರ್ವಜನಿಕರದ್ದು, ಆದರೆ ಮಿತಿ ಇಡೀ ದೇಶಕ್ಕೆ ಒಂದೇ, ಅದೂ ರಾಜಕಾರಣಿಗಳ ಕೈಯಲ್ಲಿ. ಇಲ್ಲಿ ಲಾಬಿ ಇಷ್ಟು ಜೋರಾಗಿರುವುದಕ್ಕೆ ಅದೇ ಕಾರಣ. ಬೆಂಗಳೂರಿನಲ್ಲಿ ಪ್ರಾಧಿಕಾರದ ಮುಂದೆ ಲೆಕ್ಕಪತ್ರ ಇಟ್ಟು ನಡೆಯುವ ವಾದವೇ ಇಲ್ಲಿ ಸಂಸದರ ಕಚೇರಿಗಳಲ್ಲಿ ನಡೆಯುತ್ತದೆ.

ನೀವು ಏನು ಮಾಡಬಹುದು

ಹೊಸ ಪಿಎಫ್‌ಸಿ ಹಾಕುವ ಮುಂಚೆ, ಅಥವಾ ಹಳೆಯದನ್ನು ಹೊಸ ಕೆಲಸಕ್ಕೆ ಬಳಸುವ ಮುಂಚೆ, ನಿಲ್ದಾಣ ಏರ್‌ಲೈನ್‌ಗಳ ಜೊತೆ ಸಮಾಲೋಚನೆ ಮಾಡಬೇಕು. ಜೊತೆಗೆ ಸಾರ್ವಜನಿಕ ಪ್ರಕಟಣೆ ಕೊಟ್ಟು 30 ದಿನ ಅಭಿಪ್ರಾಯ ತೆಗೆದುಕೊಳ್ಳಬೇಕು. ಯಾವ ಕೆಲಸ, ಎಷ್ಟು ಖರ್ಚು, ಎಷ್ಟು ವರ್ಷ ವಸೂಲಿ ಎಲ್ಲ ಅದರಲ್ಲಿರುತ್ತದೆ. ನಾನು ನೋಡಿದ ಹೆಚ್ಚಿನ ಪ್ರಕಟಣೆಗಳಿಗೆ ಸಾರ್ವಜನಿಕರಿಂದ ಒಂದೂ ಕಾಗದ ಬರುತ್ತಿರಲಿಲ್ಲ. ಏರ್‌ಲೈನ್‌ಗಳ ವಕೀಲರು ಮಾತ್ರ ತಪ್ಪದೆ ಬರೆಯುತ್ತಿದ್ದರು. ಬರೆಯಲು ಪೌರತ್ವ ಬೇಕಿಲ್ಲ. ಎಚ್1ಬಿ ವೀಸಾ ಇದ್ದರೂ, ಗ್ರೀನ್ ಕಾರ್ಡ್ ಇದ್ದರೂ ಬರೆಯಬಹುದು. ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೂ ಅಷ್ಟೇ.

ಬರೆಯುವಾಗ "ಶುಲ್ಕ ಬೇಡ" ಅಂತ ಒಂದೇ ಸಾಲು ಬರೆದರೆ ಅದು ಕಡತಕ್ಕೆ ಸೇರುತ್ತದೆ, ಅಷ್ಟೇ. ಈ ದುಡ್ಡಿನಲ್ಲಿ ಕಟ್ಟುವ ಗೇಟುಗಳಲ್ಲಿ ಎಷ್ಟು ಎಲ್ಲ ಏರ್‌ಲೈನ್‌ಗಳಿಗೂ ಮುಕ್ತ ಅಂತ ಕೇಳಿ. ಇದೇ ಕೆಲಸವನ್ನು ಬಾಂಡಿನಿಂದ ಮಾಡಿದರೆ ಒಟ್ಟು ಖರ್ಚು ಎಷ್ಟಾಗುತ್ತದೆ ಅಂತ ಕೇಳಿ. ವಸೂಲಿ ಯಾವ ವರ್ಷ ನಿಲ್ಲುತ್ತದೆ ಅಂತ ಕೇಳಿ. ಪ್ರಾಧಿಕಾರದ ಮಂಡಳಿ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ವಾಷಿಂಗ್ಟನ್ನಿನ ಸಂಘಗಳಿಗೆ ವರ್ಷಕ್ಕೆ ಎಷ್ಟು ಸದಸ್ಯತ್ವ ಶುಲ್ಕ ಕಟ್ಟುತ್ತೀರಿ, ಅವು ಮಿತಿ ತೆಗೆಯಿರಿ ಅಂದಾಗ ನೀವೂ ಒಪ್ಪಿದ್ದೀರಾ ಅಂತ ಅಲ್ಲಿ ನೇರವಾಗಿ ಕೇಳಬಹುದು. 2024ರ ಕಾನೂನಿನ ಅವಧಿ 2028ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಮುಂದಿನದರ ಮಾತುಕತೆ ಅದಕ್ಕೆ ಒಂದೆರಡು ವರ್ಷ ಮುಂಚೆಯೇ ಶುರುವಾಗುತ್ತದೆ. ಪತ್ರ ಬರೆಯುವುದಾದರೆ ಆ ಹೊತ್ತಿನಲ್ಲಿ ಬರೆಯಿರಿ. ಮಸೂದೆ ಸದನಕ್ಕೆ ಬರುವ ಹೊತ್ತಿಗೆ ಅಂಕಿಗಳೆಲ್ಲ ಹೆಚ್ಚುಕಡಿಮೆ ತೀರ್ಮಾನವಾಗಿಬಿಟ್ಟಿರುತ್ತವೆ.